ನೆಲನೆಲ್ಲಿಯ ನೊಬೆಲ್ ಸಾಕ್ಷಿ

ಕಾಮಾಲೆಗೆ ನೆಲನೆಲ್ಲಿ ಮದ್ದು ಎಂಬುದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಯಾರೂ ಕೂರಿಸಿ ಕಲಿಸದೆ ಬರುವ ತಿಳಿವಳಿಕೆ. ಮಳೆ ಬಿದ್ದ ಮೇಲೆ ಕಡಲೆಕಾಯಿ ಹೊಲದ ಬದುವಿನಲ್ಲಿ ತಾನಾಗಿ ಏಳುವ ಈ ಗಿಡವನ್ನು ಬೇರುಸಹಿತ ಕಿತ್ತು, ಅರೆದು, ಮಜ್ಜಿಗೆಯಲ್ಲಿ ಕಲಸಿ ಕೊಡುವುದು ದೊಡ್ಡೇರಿ ಹೋಬಳಿಯ ಹಳ್ಳಿಗಳಿಗೆ ಹೊಸದಲ್ಲ. ಸಿದ್ಧರಬೆಟ್ಟದ ಮೂಲಿಕೆಗಳ ಖ್ಯಾತಿಯನ್ನು ಕೇಳುತ್ತ ಬೆಳೆದ ಈ ಸೀಮೆಯಲ್ಲಿ ಗಿಡಮೂಲಿಕೆಯ ಮೇಲಿನ ನಂಬಿಕೆಗೆ ಹೊರಗಿನ ಪುರಾವೆಯೇನೂ ಬೇಕಿರಲಿಲ್ಲ. ಆ ಪದ್ಧತಿಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಮೂರೂವರೆ ದಶಕಗಳಿಂದ ಅದರ ಬೆನ್ನಿಗೆ ನಿಂತಿರುವ ಒಂದು ಹೆಸರಿನ ಬಗ್ಗೆ. ನೊಬೆಲ್ ಪಡೆದ ವಿಜ್ಞಾನಿಯೇ ಒಪ್ಪಿದ್ದಾರೆ, 'ಲ್ಯಾನ್ಸೆಟ್' ಪತ್ರಿಕೆಯಲ್ಲೇ ಅಚ್ಚಾಗಿದೆ ಎಂಬ ಮಾತು ಆರೋಗ್ಯ ಅಂಕಣಗಳಿಂದ ಮೂಲಿಕೆ ಔಷಧಿಗಳ ಪ್ರಚಾರಕ್ಕೆ, ಅಲ್ಲಿಂದ ಊರ ಜಗಲಿಗೆ ಹರಿದು ಬಂದಿದೆ. ಆ ವಿಜ್ಞಾನಿ ಬರೂಕ್ ಬ್ಲಂಬರ್ಗ್. ಹೆಪಟೈಟಿಸ್ ಬಿ ವೈರಸ್ಸಿನ ಗುರುತನ್ನು ಮೊದಲು ಹಿಡಿದವರು, 1976ರ ವೈದ್ಯಕೀಯ ನೊಬೆಲ್ ಹಂಚಿಕೊಂಡವರು. ನನ್ನ ವಾದ ಇಷ್ಟೇ: ಅವರ ಸಂಶೋಧನಾ ಜೀವನದ ಅತ್ಯಂತ ದುರ್ಬಲವಾದ ಪುಟವನ್ನು ನಾವು ತಲೆಯ ಮೇಲೆ ಹೊತ್ತುಕೊಂಡಿದ್ದೇವೆ, ಅತ್ಯಂತ ಗಟ್ಟಿಯಾದ ಪುಟವನ್ನು ಓದದೆ ಮಡಚಿಟ್ಟಿದ್ದೇವೆ. ಈ ಅದಲುಬದಲಿನ ಬೆಲೆಯನ್ನು ತೆರುವವರು ವಿಜ್ಞಾನದ ಇತಿಹಾಸಕಾರರಲ್ಲ, ಹಳ್ಳಿಯಲ್ಲಿ ಸದ್ದಿಲ್ಲದೆ ಲಿವರ್ ಕಳೆದುಕೊಳ್ಳುತ್ತಿರುವ ರೋಗಿಗಳು.

ಬ್ಲಂಬರ್ಗ್ ಅವರ ಕಥೆಯ ಮೊದಲ ಭಾಗ ಗೊತ್ತಿರುವಂಥದ್ದೇ. 1925ರ ಜುಲೈ 28ರಂದು ನ್ಯೂಯಾರ್ಕಿನಲ್ಲಿ ಹುಟ್ಟಿದರು. ವೈದ್ಯ ವಿದ್ಯಾರ್ಥಿಯಾಗಿದ್ದಾಗ ಸುರಿನಾಮ್‌ನ ಮೊಂಗೊ ಎಂಬ ಗಣಿ ಊರಿನಲ್ಲಿ ಕೆಲಸ ಮಾಡಿದರು. ಅಲ್ಲಿನ ಬೇರೆ ಬೇರೆ ಮೂಲದ ಜನ ಒಂದೇ ರೋಗಕ್ಕೆ ಬೇರೆ ಬೇರೆ ರೀತಿಯಲ್ಲಿ ಈಡಾಗುವುದನ್ನು ಕಂಡರು. ಮನುಷ್ಯರ ರಕ್ತದಲ್ಲಿ ಹುಟ್ಟಿನಿಂದ ಬರುವ ವ್ಯತ್ಯಾಸಗಳೇ ಅವರ ಮೂಲ ಆಸಕ್ತಿ. ಹಲವು ಸಲ ರಕ್ತ ಹಾಕಿಸಿಕೊಂಡವರ ದೇಹ ಪರರ ರಕ್ತದ ಪ್ರೋಟೀನುಗಳಿಗೆ ಪ್ರತಿಕಾಯ ಬೆಳೆಸಿಕೊಂಡಿರುತ್ತದೆ, ಆ ಪ್ರತಿಕಾಯವನ್ನೇ ಬಳಸಿ ವ್ಯತ್ಯಾಸಗಳನ್ನು ಹುಡುಕಬಹುದು ಎಂಬ ಊಹೆಯ ಮೇಲೆ ಅವರು ದೇಶದೇಶಗಳ ರಕ್ತದ ಮಾದರಿಗಳನ್ನು ಕೂಡಿಹಾಕಿದರು. 1963ರಲ್ಲಿ ಹಾರ್ವಿ ಆಲ್ಟರ್ ಅವರೊಡನೆ ದುಡಿಯುತ್ತಿದ್ದಾಗ, ನ್ಯೂಯಾರ್ಕಿನ ಹಿಮೋಫಿಲಿಯಾ ರೋಗಿಯೊಬ್ಬರ ರಕ್ತಸಾರ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತಸಾರದೊಡನೆ ಮಾತ್ರ ಪ್ರತಿಕ್ರಿಯಿಸಿ ಗೆರೆ ಎಳೆಯಿತು. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಸಿಕ್ಕಿದ್ದಕ್ಕೆ 'ಆಸ್ಟ್ರೇಲಿಯಾ ಆಂಟಿಜೆನ್' ಎಂದು ಹೆಸರಿಟ್ಟು 1965ರಲ್ಲಿ ಪ್ರಕಟಿಸಿದರು. ಇದನ್ನು ಬರೀ ಅದೃಷ್ಟ ಎಂದು ತಳ್ಳಿಹಾಕುವ ವಿಮರ್ಶಕರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಅದೃಷ್ಟ ಒಂದು ಗೆರೆಯನ್ನು ತೋರಿಸಬಲ್ಲದು. ಆ ಗೆರೆಯ ಅರ್ಥವನ್ನು ಎರಡು ಸಲ ತಪ್ಪಾಗಿ ಓದಿ, ಎರಡು ಸಲವೂ ತಾವೇ ಮುಂದಾಗಿ ತಿದ್ದಿಕೊಳ್ಳುವ ಶಿಸ್ತನ್ನು ಅದು ಕೊಡಲಾರದು.

ಆ ತಿದ್ದುಪಡಿಯೇ ಈ ಸಂಶೋಧನೆಯ ಜೀವಾಳ. ಮೊದಲು ಆಂಟಿಜೆನ್ ರಕ್ತದ ಕ್ಯಾನ್ಸರ್ ರೋಗಿಗಳಲ್ಲಿ ಹೆಚ್ಚಾಗಿ ಕಂಡಿತು; ಅದು ಕ್ಯಾನ್ಸರಿನ ಮುನ್ಸೂಚನೆ ಇರಬಹುದೆಂದು ಬ್ಲಂಬರ್ಗ್ ತಂಡ ಭಾವಿಸಿತು. ಆಮೇಲೆ ಅದು ಅನುವಂಶೀಯ ಗುಣವೆಂಬ ಊಹೆ ಬಂತು. ರಕ್ತ ಕ್ಯಾನ್ಸರಿಗೆ ಹೆಚ್ಚು ಈಡಾಗುವ ಡೌನ್ ಸಿಂಡ್ರೋಮ್ ಇರುವವರಲ್ಲಿ ಅದನ್ನು ಹುಡುಕಿದಾಗ ಊಹೆ ನಿಜವಾಯಿತೆಂದೇ ತೋರಿತು, ಏಕೆಂದರೆ ಅವರಲ್ಲೂ ಅದು ಧಾರಾಳವಾಗಿತ್ತು. ಆದರೆ ತಂಡ ಅಲ್ಲಿಗೇ ನಿಲ್ಲಲಿಲ್ಲ. ನೂರಾರು ಜನರನ್ನು ಒಟ್ಟಿಗೆ ಇಡುವ ದೊಡ್ಡ ಆಶ್ರಯಧಾಮಗಳಲ್ಲಿ ಅದು ಹೆಚ್ಚು, ಮನೆಯಲ್ಲೇ ಬೆಳೆದವರಲ್ಲಿ ಕಡಿಮೆ ಎಂಬುದನ್ನು ಎಣಿಸಿ ನೋಡಿತು. ಹುಟ್ಟಿನಿಂದ ಬಂದ ಗುಣ ವಾಸದ ಜಾಗವನ್ನು ನೋಡಿ ಹೆಚ್ಚು ಕಡಿಮೆಯಾಗುವುದಿಲ್ಲ. ಅಂಟುವ ಸೋಂಕು ಆಗುತ್ತದೆ. ಮೊದಲು ಆಂಟಿಜೆನ್ ಇಲ್ಲದ ರೋಗಿಯೊಬ್ಬರಲ್ಲಿ ಆಮೇಲೆ ಅದು ಕಾಣಿಸಿಕೊಂಡಿತು, ಜೊತೆಗೇ ಯಕೃತ್ತಿನ ಉರಿಯೂತವೂ ಬಂದಿತ್ತು. 1967ರಲ್ಲಿ ಪ್ರಯೋಗಾಲಯದ ತಂತ್ರಜ್ಞೆಯೊಬ್ಬರಿಗೇ ಕಾಮಾಲೆಯಾಗಿ ಅವರ ರಕ್ತದಲ್ಲೂ ಆಂಟಿಜೆನ್ ಬಂದಾಗ ಊಹೆ ಮುರಿದುಬಿತ್ತು. ಅದೇ ವರ್ಷ ತಂಡ ಹೆಪಟೈಟಿಸ್ ನಂಟನ್ನು ಪ್ರಕಟಿಸಿತು. 1968ರಲ್ಲಿ ಅಮೆರಿಕದ ಆಲ್ಫ್ರೆಡ್ ಪ್ರಿನ್ಸ್, ಜಪಾನಿನ ಒಕೋಚಿ ತಮ್ಮ ತಮ್ಮ ದಾರಿಯಲ್ಲಿ ಅದನ್ನು ಗಟ್ಟಿಗೊಳಿಸಿದರು. ತನ್ನ ಊಹೆಗೆ ಎದುರಾಗುವ ಎಣಿಕೆಯನ್ನು ತಾನೇ ಹುಡುಕಿಕೊಂಡು ಹೋಗುವುದು, ಹೊರಗಿನವರು ಅದನ್ನು ಮತ್ತೆ ಪರೀಕ್ಷಿಸುವುದು: ಈ ಎರಡು ಹೆಜ್ಜೆಗಳನ್ನು ಓದುಗರು ನೆನಪಿನಲ್ಲಿಡಬೇಕು. ನೆಲನೆಲ್ಲಿಯ ವಿಷಯಕ್ಕೆ ಬಂದಾಗ ಅಳತೆಗೋಲು ಇದೇ.

ಈ ಶೋಧದಿಂದ ಹುಟ್ಟಿದ ಫಲವನ್ನು ಚಿಕ್ಕದಾಗಿ ಹೇಳಿದರೂ ಸಾಕು. ರಕ್ತದಾನಿಗಳ ರಕ್ತವನ್ನು ಪರೀಕ್ಷಿಸುವುದು ಸಾಧ್ಯವಾಯಿತು. ಸೋಂಕಿತರ ರಕ್ತದಲ್ಲಿ ವೈರಸ್ಸಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಅದರ ಹೊರಕವಚದ, ಅಂದರೆ ಅದೇ ಆಂಟಿಜೆನ್ನಿನ, ಬರಿದಾದ ಕಣಗಳು ತೇಲುತ್ತಿರುತ್ತವೆ. ಅವು ರೋಗ ತರಲಾರವು, ಆದರೆ ದೇಹವನ್ನು ಎಚ್ಚರಿಸಬಲ್ಲವು. ಅವನ್ನು ಬೇರ್ಪಡಿಸಿ ಲಸಿಕೆ ಮಾಡಬಹುದೆಂದು ಬ್ಲಂಬರ್ಗ್ ಮತ್ತು ಇರ್ವಿಂಗ್ ಮಿಲ್ಮನ್ 1969ರಲ್ಲೇ ಸೂಚಿಸಿದರು. 1981ರಲ್ಲಿ ಅಮೆರಿಕದಲ್ಲಿ ಮೊದಲ ಲಸಿಕೆಗೆ ಪರವಾನಗಿ ಸಿಕ್ಕಿತು; 1986ರಲ್ಲಿ ಯೀಸ್ಟ್‌ನಿಂದ ತಯಾರಿಸಿದ ಲಸಿಕೆ ಬಂತು; 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶೀಯ ಲಸಿಕೆಯನ್ನು ಮಾರುಕಟ್ಟೆಗೆ ತಂದು ಬೆಲೆಯನ್ನು ನೆಲಕ್ಕಿಳಿಸಿತು. 1984ರಲ್ಲಿ ನವಜಾತ ಶಿಶುಗಳಿಗೆ ಲಸಿಕೆ ಆರಂಭಿಸಿದ ತೈವಾನ್‌ನಲ್ಲಿ 6ರಿಂದ 14 ವರ್ಷದ ಮಕ್ಕಳ ಯಕೃತ್ತಿನ ಕ್ಯಾನ್ಸರ್ ಲಕ್ಷಕ್ಕೆ 0.70ರಿಂದ 0.36ಕ್ಕೆ, ಅಂದರೆ ಅರ್ಧಕ್ಕೆ ಇಳಿಯಿತೆಂದು 1997ರಲ್ಲಿ ವರದಿಯಾಯಿತು. ಲಸಿಕೆಯೊಂದು ಕ್ಯಾನ್ಸರನ್ನು ತಡೆಯಬಲ್ಲದು ಎಂಬುದಕ್ಕೆ ಜಗತ್ತಿಗೆ ಸಿಕ್ಕ ಮೊದಲ ಎಣಿಕೆಯ ಪುರಾವೆ ಇದು. ಬ್ಲಂಬರ್ಗ್ ಹೆಸರಿನ ಪಕ್ಕದಲ್ಲಿ ಬರೆದಿಡಬೇಕಾದ ಸಂಖ್ಯೆಗಳಿದ್ದರೆ ಈ ಎರಡು. ಆದರೆ ಕನ್ನಡದಲ್ಲಿ ಅವರ ಹೆಸರಿನ ಜೊತೆ ಓಡಾಡುತ್ತಿರುವ ಸಂಖ್ಯೆ ಬೇರೆ: ನೂರಕ್ಕೆ 59.

ಆ 59ರ ಹಿನ್ನೆಲೆ ಹೀಗಿದೆ. ಲಸಿಕೆ ಸೋಂಕಾಗದವರನ್ನು ಕಾಯುತ್ತದೆ. ಆಗಲೇ ಸೋಂಕು ಹೊತ್ತವರಿಗೆ ಏನು ಎಂಬ ಪ್ರಶ್ನೆ 1980ರ ದಶಕದಲ್ಲಿ ಬ್ಲಂಬರ್ಗ್ ಅವರನ್ನು ಕಾಡಿತು. ನಾಡವೈದ್ಯದಲ್ಲಿ ಕಾಮಾಲೆಗೆ ಬಳಸುವ ಗಿಡಗಳನ್ನು ಒಂದೊಂದಾಗಿ ಪರೀಕ್ಷಿಸುವ ದಾರಿಯನ್ನು ಅವರ ಫಿಲಡೆಲ್ಫಿಯಾದ ಫಾಕ್ಸ್ ಚೇಸ್ ಕ್ಯಾನ್ಸರ್ ಕೇಂದ್ರದ ತಂಡ ಹಿಡಿಯಿತು. ಇದೇ ಅವಧಿಯಲ್ಲಿ, 1986ರಲ್ಲಿ, ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ರಾಮನ್ ಪೀಠದ ಅತಿಥಿ ಪ್ರಾಧ್ಯಾಪಕರಾಗಿಯೂ ಇದ್ದರು. 1987ರಲ್ಲಿ ವೆಂಕಟೇಶ್ವರನ್, ಮಿಲ್ಮನ್ ಮತ್ತು ಬ್ಲಂಬರ್ಗ್ ನೆಲನೆಲ್ಲಿಯ ಸಾರ ಪ್ರಯೋಗಾಲಯದಲ್ಲಿ ವೈರಸ್ಸಿನ ಒಂದು ಮುಖ್ಯ ಕಿಣ್ವವನ್ನು ತಡೆಯುತ್ತದೆ, ಇದೇ ಜಾತಿಯ ವೈರಸ್ ತಗಲುವ ವುಡ್‌ಚಕ್ ಎಂಬ ಪ್ರಾಣಿಗಳಲ್ಲೂ ಆಂಟಿಜೆನ್ ಇಳಿಸುತ್ತದೆ ಎಂದು ಪ್ರಕಟಿಸಿದರು. ಫಾಕ್ಸ್ ಚೇಸ್ ಅದರ ಮೇಲೆ ಅಮೆರಿಕದ ಪೇಟೆಂಟ್ ಕೂಡ ಪಡೆಯಿತು. 1988ರಲ್ಲಿ ಮದ್ರಾಸಿನ ಎಸ್. ಪಿ. ತ್ಯಾಗರಾಜನ್ ಅವರ ತಂಡ ಬ್ಲಂಬರ್ಗ್ ಜೊತೆ ಸೇರಿ ಮನುಷ್ಯರ ಮೇಲಿನ ಪರೀಕ್ಷೆಯ ವರದಿಯನ್ನು 'ಲ್ಯಾನ್ಸೆಟ್'ನಲ್ಲಿ ಅಚ್ಚು ಹಾಕಿಸಿತು. ಒಂದು ತಿಂಗಳ ಕಾಲ ದಿನಕ್ಕೆ ಮೂರು ಸಲ 200 ಮಿಲಿಗ್ರಾಂ ಗಿಡದ ಪುಡಿ. ಔಷಧಿ ನಿಲ್ಲಿಸಿ 15ರಿಂದ 20 ದಿನದ ಮೇಲೆ ರಕ್ತಪರೀಕ್ಷೆ. ಪುಡಿ ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಿಂದ ಆಂಟಿಜೆನ್ ಮಾಯವಾಗಿತ್ತು. ಹುಸಿಮದ್ದು ತೆಗೆದುಕೊಂಡ 23 ಜನರಲ್ಲಿ ಹಾಗಾದದ್ದು ಒಬ್ಬರಿಗೆ. ನೂರಕ್ಕೆ 59, ನೂರಕ್ಕೆ 4.

ಈ ವರದಿಯನ್ನು ಹೊಗಳುವವರೂ ತೆಗಳುವವರೂ ಈ ಎರಡು ಸಂಖ್ಯೆಗಳನ್ನು ದಾಟಿ ಒಳಗೆ ಹೋಗುವುದು ಅಪರೂಪ. ಒಳಗೆ ಹೋಗಬೇಕು. ಮೊದಲು 37 ಮತ್ತು 23 ಎಂಬ ಗುಂಪುಗಳನ್ನೇ ನೋಡಿ. ಚೀಟಿ ಎತ್ತಿ ಅರ್ಧರ್ಧ ಹಂಚಿದ್ದರೆ ಎರಡು ಗುಂಪು ಹೆಚ್ಚುಕಡಿಮೆ ಸಮವಾಗಿರಬೇಕು. ಇಲ್ಲಿ 14 ಜನರ ಅಂತರವಿದೆ. ಒಂದೋ ಹಂಚಿಕೆಯೇ ಅಸಮವಾಗಿತ್ತು, ಇಲ್ಲವೇ ಹುಸಿಮದ್ದಿನ ಗುಂಪಿನಿಂದ ಹೆಚ್ಚು ಜನ ನಡುವೆ ಬಿಟ್ಟುಹೋದರು. ಎರಡನೆಯದಾದರೆ ಬಿಟ್ಟವರು ಯಾರು, ಏಕೆ ಬಿಟ್ಟರು, ಅವರ ರಕ್ತ ಏನು ಹೇಳುತ್ತಿತ್ತು ಎಂಬುದು ಫಲಿತಾಂಶದ ಅರ್ಥವನ್ನೇ ಬದಲಿಸಬಲ್ಲದು. ಆದರೂ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ: ಈ ಅಸಮತೋಲನವೊಂದೇ 59 ಮತ್ತು 4ರ ನಡುವಿನ ಕಂದಕವನ್ನು ವಿವರಿಸಲಾರದು. ಕಾಣೆಯಾದ 14 ಜನ ಹುಸಿಮದ್ದಿನ ಗುಂಪಿನವರೇ, ಅವರೆಲ್ಲರ ಆಂಟಿಜೆನ್ನೂ ತಾನಾಗಿ ಹೋಗಿತ್ತು ಎಂದು ಅಸಂಭವವಾದ ಲೆಕ್ಕ ಹಾಕಿದರೂ ಆ ಬದಿ 37ಕ್ಕೆ 15 ಆಗುತ್ತದೆ, ಅಂದರೆ ನೂರಕ್ಕೆ 41. ಅಂತರ ಕಿರಿದಾಗುತ್ತದೆ, ಅಳಿಸಿಹೋಗುವುದಿಲ್ಲ. ಹಾಗಾಗಿ ಗುಂಪುಗಳ ಗಾತ್ರವನ್ನಷ್ಟೇ ತೋರಿಸಿ ವರದಿಯನ್ನು ಕಸದಬುಟ್ಟಿಗೆ ಹಾಕುವವರ ಅವಸರ ಸರಿಯಲ್ಲ. ಇದಕ್ಕಿಂತ ಆಳವಾದ ತೊಡಕು ಬೇರೆಡೆ ಇದೆ. ಅದು ಫಲಿತಾಂಶದ ದೌರ್ಬಲ್ಯದಲ್ಲಿಲ್ಲ, ಅದರ ವಿಪರೀತ ಬಲದಲ್ಲಿದೆ.

ದೀರ್ಘಕಾಲದ ಹೆಪಟೈಟಿಸ್ ಬಿ ಹೊತ್ತವರಲ್ಲಿ ವೈರಸ್ಸಿನ ಮೂಲಪ್ರತಿ ಯಕೃತ್ತಿನ ಜೀವಕೋಶಗಳ ಕೇಂದ್ರದೊಳಗೆ ಉಂಗುರದ ರೂಪದಲ್ಲಿ ಅಡಗಿ ಕೂತಿರುತ್ತದೆ. ಹೊರಕವಚದ ಆಂಟಿಜೆನ್ ಅಲ್ಲಿಂದ ಅಪಾರ ಪ್ರಮಾಣದಲ್ಲಿ ರಕ್ತಕ್ಕೆ ಸುರಿಯುತ್ತಲೇ ಇರುತ್ತದೆ. ಹೊಸ ಪ್ರತಿಗಳ ತಯಾರಿಯನ್ನು ಔಷಧಿಯಿಂದ ನಿಲ್ಲಿಸಿದರೂ ಮೂಲಪ್ರತಿ ಹೋಗದು; ಹಾಗಾಗಿ ಆಂಟಿಜೆನ್ನೂ ಹೋಗದು. ತಾನಾಗಿ ಅದನ್ನು ಕಳೆದುಕೊಳ್ಳುವ ವಾಹಕರು ವರ್ಷಕ್ಕೆ ನೂರಕ್ಕೆ ಒಬ್ಬರ ಆಸುಪಾಸು. ಇಂದು ಬಳಕೆಯಲ್ಲಿರುವ ಟೆನೊಫೊವಿರ್ ರಕ್ತದಲ್ಲಿನ ವೈರಸ್ಸನ್ನು ಅಳತೆಗೆ ಸಿಗದಷ್ಟು ಕೆಳಕ್ಕೆ ಇಳಿಸುತ್ತದೆ, ಆದರೂ ವರ್ಷಗಟ್ಟಲೆ ನುಂಗಿದ ಮೇಲೂ ಆಂಟಿಜೆನ್ ಪೂರ್ತಿ ಹೋಗುವವರು ನೂರಕ್ಕೆ ಹತ್ತರ ಒಳಗೆ ಅಥವಾ ಅಷ್ಟರ ಸುತ್ತ. ಇಂಟರ್‌ಫೆರಾನ್ ಚುಚ್ಚುಮದ್ದಿನ ಕಥೆಯೂ ಇದಕ್ಕಿಂತ ಹೆಚ್ಚು ಭಿನ್ನವಲ್ಲ. ಅಂದರೆ ಮದ್ರಾಸಿನ ವರದಿ ಹೇಳಿದ್ದು ಗಿಡ ಉಪಯೋಗಕಾರಿ ಎಂದಷ್ಟೇ ಅಲ್ಲ. ಮುಂದಿನ ಮೂರು ದಶಕ ಜಗತ್ತಿನ ಯಾವ ಔಷಧಿಯೂ ಮುಟ್ಟಲಾರದ ಫಲವನ್ನು ದಿನಕ್ಕೆ 600 ಮಿಲಿಗ್ರಾಂ ಪುಡಿ ಒಂದೇ ತಿಂಗಳಲ್ಲಿ ಕೊಟ್ಟಿತು ಎಂದು. ಇಷ್ಟು ದೊಡ್ಡ ಫಲಕ್ಕೆ ದೊಡ್ಡ ಪರೀಕ್ಷೆಯ ಆಸರೆಯೂ ಬೇಕಿರಲಿಲ್ಲ. ನಿಜವಾಗಿದ್ದರೆ ಎಲ್ಲಿ, ಎಷ್ಟು ಜನರಲ್ಲಿ ನೋಡಿದರೂ ಅದು ಎದ್ದು ಕಾಣಬೇಕಿತ್ತು. ಸಣ್ಣ ಪರಿಣಾಮ ಸಣ್ಣ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳಬಹುದು, ನೂರಕ್ಕೆ 59 ತಪ್ಪಿಸಿಕೊಳ್ಳಲಾರದು. ಮರುಪರೀಕ್ಷೆಯಲ್ಲಿ ಅದು ಕಾಣದೆ ಹೋದರೆ, ಇದ್ದದ್ದು ಕೈತಪ್ಪಿತು ಎನ್ನುವುದಕ್ಕಿಂತ ಮೊದಲೇ ಇರಲಿಲ್ಲ ಎನ್ನುವುದು ಹೆಚ್ಚು ಸರಿ.

ಇನ್ನೆರಡು ವಿವರಗಳನ್ನೂ ಗಮನಿಸಬೇಕು. ಕೆಲವರನ್ನು ಮಾತ್ರ ಒಂಬತ್ತು ತಿಂಗಳವರೆಗೆ ಹಿಂಬಾಲಿಸಲಾಗಿತ್ತು, ಅವರಲ್ಲಿ ಆಂಟಿಜೆನ್ ಮರಳಲಿಲ್ಲ ಎಂದು ವರದಿ ಹೇಳುತ್ತದೆ. ಹತ್ತಾರು ವರ್ಷಗಳಲ್ಲಿ ಲಿವರನ್ನು ಗಟ್ಟಿಯಾಗಿಸಿ ಕೊಲ್ಲುವ ರೋಗಕ್ಕೆ ಒಂಬತ್ತು ತಿಂಗಳು, ಅದೂ ಕೆಲವರದು, ಬಹಳ ಚಿಕ್ಕ ಅವಧಿ. ಎರಡನೆಯದಾಗಿ, ಪ್ರಾಪ್ತ ವಯಸ್ಸಿನಲ್ಲಿ ಹೊಸದಾಗಿ ಸೋಂಕಾದವರಲ್ಲಿ ನೂರಕ್ಕೆ 95 ಜನರ ದೇಹ ವೈರಸ್ಸನ್ನು ತಾನೇ ಹೊರಹಾಕುತ್ತದೆ. ಹಾಗಾಗಿ ಹಳೆಯ ವಾಹಕರ ಗುಂಪಿನಲ್ಲಿ ಹೊಸ ಸೋಂಕಿನವರು ಸೇರಿಕೊಂಡಿದ್ದರೆ ಯಾವ ಔಷಧಿಯೂ ಪವಾಡದಂತೆ ಕಾಣುತ್ತದೆ. ಅಂಥವರು ಎರಡು ಗುಂಪುಗಳಿಗೆ ಸಮನಾಗಿ ಹಂಚಿಹೋಗಿದ್ದರೇ ಎಂಬುದನ್ನು ಇಷ್ಟು ಸಣ್ಣ ಪರೀಕ್ಷೆ ಖಾತರಿಪಡಿಸಲಾರದು. ಲೇಖಕರು ತಮ್ಮದನ್ನು ಪ್ರಾಥಮಿಕ ಅಧ್ಯಯನ ಎಂದೇ ಕರೆದಿದ್ದರು. ಆ ಪ್ರಾಮಾಣಿಕತೆ ಅವರ ಕೀರ್ತಿಗೆ ಸಲ್ಲಬೇಕು. ಅದನ್ನು ಅಂತಿಮ ತೀರ್ಪಿನಂತೆ ಉಲ್ಲೇಖಿಸುವವರು ಬ್ಲಂಬರ್ಗ್ ಮತ್ತು ತ್ಯಾಗರಾಜನ್ ಹೇಳಿದ್ದನ್ನು ಹೇಳುತ್ತಿಲ್ಲ. ತಮಗೆ ಬೇಕಾದ್ದನ್ನು ಅವರ ಬಾಯಿಂದ ಹೇಳಿಸುತ್ತಿದ್ದಾರೆ.

ಆಮೇಲೆ ನಡೆದದ್ದು ಕನ್ನಡಕ್ಕೆ ಬರಲೇ ಇಲ್ಲ ಎನ್ನಬಹುದು. 1990ರಲ್ಲಿ, ಅದೇ 'ಲ್ಯಾನ್ಸೆಟ್'ನಲ್ಲಿ, ಥಾಯ್ಲೆಂಡಿನ ವೈದ್ಯರು ರೋಗಲಕ್ಷಣವಿಲ್ಲದ ವಾಹಕರಲ್ಲಿ ಈ ಗಿಡ ಆಂಟಿಜೆನ್ ತೊಡೆದುಹಾಕಲು ವಿಫಲವಾಯಿತೆಂದು ವರದಿ ಮಾಡಿದರು. 1994ರಲ್ಲಿ ನ್ಯೂಜಿಲೆಂಡಿನಿಂದಲೂ ವಿಫಲತೆಯ ವರದಿಯೇ ಬಂತು. ಬಾತುಕೋಳಿಗಳ ಹೆಪಟೈಟಿಸ್ ಬಿ ವೈರಸ್ಸಿನ ಮೇಲಿನ ಪ್ರಯೋಗವೂ ನಿರಾಶೆ ತಂದಿತು. 2001ರ ಒಂದು ಸಮೀಕ್ಷೆ ನೆಲನೆಲ್ಲಿಯ ಕುಲದ ಗಿಡಗಳ ಬಗ್ಗೆ ನಡೆದ 22 ಪರೀಕ್ಷೆಗಳನ್ನು ಒಟ್ಟುಮಾಡಿ ಅನುಕೂಲದ ಸುಳಿವಿದೆ ಎಂದಿತು, ಆದರೆ ಪರೀಕ್ಷೆಗಳ ಗುಣಮಟ್ಟ ಕೆಳಮಟ್ಟದ್ದೆಂದೂ ಎಚ್ಚರಿಸಿತು. 2011ರ ಕಾಕ್ರೇನ್ ಸಮೀಕ್ಷೆ 16 ಪರೀಕ್ಷೆಗಳ 1,326 ರೋಗಿಗಳ ಲೆಕ್ಕವನ್ನು ಕಟ್ಟುನಿಟ್ಟಾಗಿ ಜರಡಿ ಹಿಡಿದು, ಹುಸಿಮದ್ದಿಗಿಂತ ಇದು ಮೇಲು ಎನ್ನಲು ನಂಬತಕ್ಕ ಆಧಾರವಿಲ್ಲವೆಂದಿತು. ಇದರ ನಡುವೆ ಪ್ರಯೋಗಾಲಯದ ಜೀವಕೋಶಗಳಲ್ಲಿ ಗಿಡದ ಸಾರ ವೈರಸ್ಸಿನ ನಕಲನ್ನು ತಗ್ಗಿಸುತ್ತದೆಂದು 1990ರ ದಶಕದ ಅಧ್ಯಯನಗಳು ತೋರಿಸಿದ್ದೂ ನಿಜ. ಗಾಜಿನ ತಟ್ಟೆಯಲ್ಲಿ ಕೆಲಸ ಮಾಡಿ ದೇಹದಲ್ಲಿ ಸೋಲುವ ವಸ್ತುಗಳು ಔಷಧ ವಿಜ್ಞಾನದಲ್ಲಿ ಲೆಕ್ಕವಿಲ್ಲದಷ್ಟಿವೆ. ಆ ಅಧ್ಯಯನಗಳು ಹುಡುಕಾಟ ಮುಂದುವರಿಸಲು ಕಾರಣವಾಗಬಹುದು, ರೋಗಿಗೆ ಭರವಸೆ ಕೊಡಲು ಕಾರಣವಾಗಲಾರವು.

ಇದಕ್ಕೆ ಗಿಡದ ಪರ ನಿಂತವರು ಕೊಡುವ ಉತ್ತರ ಗಂಭೀರವಾದದ್ದು. ಅದನ್ನು ಗಂಭೀರವಾಗಿಯೇ ಎದುರಿಸಬೇಕು. ನೆಲನೆಲ್ಲಿಯ ಗುಣ ಮಣ್ಣು, ಮಳೆ, ಕೀಳುವ ಕಾಲ, ಒಣಗಿಸುವ ವಿಧಾನಕ್ಕೆ ತಕ್ಕಂತೆ ಬದಲಾಗುತ್ತದೆ. ಕುಲದ ಒಂದು ಜಾತಿ ಇನ್ನೊಂದರಂತಲ್ಲ. ಆದ್ದರಿಂದ ಬ್ಯಾಂಕಾಕಿನಲ್ಲಿ ಸೋತದ್ದರಿಂದ ಮದ್ರಾಸಿನದು ಸುಳ್ಳಾಗುವುದಿಲ್ಲ ಎನ್ನುತ್ತಾರೆ. ಗಿಡದ ಗುರುತಿನಲ್ಲೇ ಗೊಂದಲವಿದ್ದದ್ದು ನಿಜ: 1987ರ ಲೇಖನ ಅದನ್ನು ಫಿಲಾಂತಸ್ ನಿರೂರಿ ಎಂದಿತು, 1988ರದ್ದು ಫಿಲಾಂತಸ್ ಅಮಾರಸ್ ಎಂದಿತು. ಆದರೆ ಈ ವಾದವನ್ನು ಒಪ್ಪಿದ ಕ್ಷಣವೇ ದೊಡ್ಡೇರಿಯ ಬದುವಿನ ಗಿಡಕ್ಕೆ ಇದ್ದ ನೊಬೆಲ್ ಸಾಕ್ಷಿ ಬಿದ್ದುಹೋಗುತ್ತದೆ ಎಂಬುದನ್ನು ವಾದಿಸುವವರು ಗಮನಿಸಿದಂತಿಲ್ಲ. ಮದ್ರಾಸಿನ ಸುತ್ತ, ಒಂದು ಹಂಗಾಮಿನಲ್ಲಿ, ಒಂದು ವಿಧಾನದಲ್ಲಿ ಒಣಗಿಸಿದ ಪುಡಿಗೆ ಮಾತ್ರ ಆ ಗುಣವಿದ್ದರೆ, ಪಾವಗಡದ ಒಣಭೂಮಿಯಲ್ಲಿ ಬೆಳೆದು ಹಸಿಯಾಗಿಯೇ ಅರೆಯುವ ಗಿಡಕ್ಕೆ ಅದು ಹೇಗೆ ಬಂತು? ಎಲ್ಲ ನೆಲನೆಲ್ಲಿಯೂ ಒಂದೇ ಎಂದರೆ ಥಾಯ್ಲೆಂಡಿನ ಸೋಲು ಅದರ ಸೋಲು. ಒಂದೇ ಅಲ್ಲ ಎಂದರೆ ಮದ್ರಾಸಿನ ಗೆಲುವು ನಮ್ಮ ಹೊಲದ ಗಿಡದ ಗೆಲುವಲ್ಲ. ಎರಡರಲ್ಲಿ ಯಾವುದನ್ನು ಹಿಡಿದರೂ ನಮ್ಮ ಆರೋಗ್ಯ ಅಂಕಣಗಳ ಭರವಸೆ ನಿಲ್ಲುವುದಿಲ್ಲ.

ಎರಡನೆಯ ಆಕ್ಷೇಪ ಅನುಭವದ ಹೆಸರಿನಲ್ಲಿ ಬರುತ್ತದೆ: ತಲೆಮಾರುಗಳಿಂದ ಜನ ಗುಣವಾಗಿದ್ದಾರಲ್ಲ? ಗುಣವಾಗಿದ್ದಾರೆ, ನಿಜ. ಆದರೆ ಹಳ್ಳಿಯಲ್ಲಿ ಕಣ್ಣು, ಮೂತ್ರ ಹಳದಿಯಾಗಿ ನಾಟಿ ಔಷಧಿಗೆ ಬರುವವರಲ್ಲಿ ಬಹುಪಾಲು ಜನರ ರೋಗ ಕೊಳೆನೀರಿನಿಂದ ಬರುವ ಹೆಪಟೈಟಿಸ್ ಎ ಅಥವಾ ಇ. ಇವು ಕೆಲವು ವಾರಗಳಲ್ಲಿ ತಾವಾಗಿ ಇಳಿಯುವಂಥವು. ಉಪ್ಪು, ಖಾರ, ಎಣ್ಣೆ ಬಿಟ್ಟು ಪಥ್ಯದಲ್ಲಿ ಮಲಗಿದವರೂ ಏಳುತ್ತಾರೆ, ಬಿಡದವರೂ ಏಳುತ್ತಾರೆ. ಇದರಲ್ಲೂ ತಿಂಗಳು ತುಂಬಿದ ಗರ್ಭಿಣಿಗೆ ಹೆಪಟೈಟಿಸ್ ಇ ಬಂದರೆ ಐವರಲ್ಲಿ ಒಬ್ಬರ ಜೀವ ಹೋಗಬಹುದು. ಅಲ್ಲಿ ಸೊಪ್ಪಿಗಾಗಿ ಕಳೆಯುವ ಒಂದು ದಿನವೂ ದುಬಾರಿ. ಇನ್ನು ಮದ್ರಾಸಿನ ಪರೀಕ್ಷೆ ನಡೆದದ್ದು ಹೆಪಟೈಟಿಸ್ ಬಿ ವಾಹಕರ ಮೇಲೆ. ಅವರಲ್ಲಿ ಹೆಚ್ಚಿನವರ ಕಣ್ಣು ಹಳದಿಯಾಗಿರುವುದೇ ಇಲ್ಲ, ತಮಗೆ ರೋಗವಿದೆಯೆಂಬುದೇ ಗೊತ್ತಿರುವುದಿಲ್ಲ. ಅಂದರೆ ಊರಿನ ಅನುಭವ ಮಾತಾಡುವುದು ಒಂದು ರೋಗದ ಬಗ್ಗೆ, 'ಲ್ಯಾನ್ಸೆಟ್' ವರದಿ ಮಾತಾಡುವುದು ಇನ್ನೊಂದರ ಬಗ್ಗೆ. ಒಂದಕ್ಕೊಂದು ಸಾಕ್ಷಿ ನುಡಿಯುತ್ತಿವೆ ಎಂದು ನಮಗನ್ನಿಸುವುದು ಎರಡೂ ಒಂದೇ ಕಾಮಾಲೆ ಎಂದು ನಾವು ಭಾವಿಸಿರುವುದರಿಂದ.

ಮೂರನೆಯ ಆಕ್ಷೇಪ, ಔಷಧಿ ಕಂಪನಿಗಳು ಅಗ್ಗದ ಗಿಡವನ್ನು ತುಳಿದವು ಎಂಬುದು. ಔಷಧಿ ಉದ್ಯಮದ ಲಾಭಬುದ್ಧಿಯನ್ನು ಸಮರ್ಥಿಸುವ ಇರಾದೆ ನನಗಿಲ್ಲ. ಆದರೆ ಈ ಪ್ರಕರಣದಲ್ಲಿ ಹಿತಾಸಕ್ತಿ ತದ್ವಿರುದ್ಧ ದಿಕ್ಕಿನಲ್ಲಿತ್ತು. ಪೇಟೆಂಟ್ ಇದ್ದದ್ದು ಬ್ಲಂಬರ್ಗ್ ಅವರ ಸಂಸ್ಥೆಯ ಕೈಯಲ್ಲೇ. ಗಿಡ ಗೆದ್ದಿದ್ದರೆ ಗೆಲ್ಲುವವರು ಅವರೇ. ಮೂಲಿಕೆ ಔಷಧಿ ಮಾರುವವರೂ ಇದರಿಂದ ಬಡವಾಗಿಲ್ಲ. ತುಳಿತಕ್ಕೊಳಗಾದದ್ದು ಗಿಡವಲ್ಲ, ಅದರ ಬಗ್ಗೆ ಬಂದ ಮುಂದಿನ ವರದಿಗಳು.

ಇಲ್ಲಿ ನನ್ನದೇ ಬಣದವರೊಂದಿಗೆ, ಅಂದರೆ ವಿಜ್ಞಾನದ ಪರ ಬರೆಯುವವರೊಂದಿಗೆ, ಜಗಳ ಆಡಲೇಬೇಕಿದೆ. ಅವರಲ್ಲಿ ಕೆಲವರು ನೆಲನೆಲ್ಲಿ ಅಧ್ಯಾಯವನ್ನು ಮುಪ್ಪಿನ ಎಡವಟ್ಟು ಎಂಬಂತೆ ಪಕ್ಕಕ್ಕೆ ಸರಿಸಿ, ನೊಬೆಲ್ ಬ್ಲಂಬರ್ಗ್ ಬೇರೆ, ನೆಲನೆಲ್ಲಿ ಬ್ಲಂಬರ್ಗ್ ಬೇರೆ ಎಂದು ಇಬ್ಭಾಗ ಮಾಡುತ್ತಾರೆ. ಇದು ಓದಿನ ಸೋಮಾರಿತನ. ಊಹೆಯನ್ನು ಬಿಗಿಯಾಗಿ ಕಟ್ಟಿಕೊಳ್ಳದೆ ದೂರದೂರದ ಜನರ ರಕ್ತವನ್ನು ಕೂಡಿಹಾಕಿದ ಕುತೂಹಲವೇ ದೂರದೂರದ ಜನರ ಮದ್ದುಗಳನ್ನೂ ಕೂಡಿಹಾಕಿತು. ಅನುಭವಿಗಳ ಮಾತನ್ನು ಕೇಳಿ, ಪ್ರಯೋಗಾಲಯಕ್ಕೆ ತಂದು, ಪ್ರಾಣಿಗಳ ಮೇಲೆ ನೋಡಿ, ಮನುಷ್ಯರ ಮೇಲೆ ಹುಸಿಮದ್ದಿನ ಎದುರು ಪರೀಕ್ಷಿಸಿದ್ದು ಸರಿಯಾದ ಕ್ರಮವೇ. ಆ ಗಿಡದ ಕಡೆಗೆ ಹೋದದ್ದು ತಪ್ಪಲ್ಲ, ಹೋಗದಿದ್ದರೆ ತಪ್ಪಾಗುತ್ತಿತ್ತು. ಬಿರುಕಿರುವುದು ಆಮೇಲಿನ ಹೆಜ್ಜೆಯಲ್ಲಿ. 1967ರಲ್ಲಿ ತಮ್ಮ ಊಹೆಗೆ ಎದುರಾದ ಎಣಿಕೆಯನ್ನು ತಂಡವೇ ಹುಡುಕಿ ತಂದಿತ್ತು. ನೆಲನೆಲ್ಲಿಯ ವಿಷಯದಲ್ಲಿ ಎದುರಾದ ಎಣಿಕೆಗಳು ಬೇರೆ ದೇಶಗಳಿಂದ ಬಂದವು. ಅವುಗಳಿಗೆ ಸಿಕ್ಕ ಉತ್ತರ ಗಿಡ ಬೇರೆ ಎಂಬ ಸಮಜಾಯಿಷಿ. ಗಿಡವನ್ನು ಮೂಢನಂಬಿಕೆ ಎಂದು ಜರಿಯುವ ನಮ್ಮ ಲೇಖಕರು ಈ ಸೂಕ್ಷ್ಮವನ್ನು ಕಳೆದುಕೊಳ್ಳುತ್ತಾರೆ. ಜೊತೆಗೆ, ನಾಟಿ ಔಷಧಿ ಕೊಡುವವರನ್ನು ಹೀಯಾಳಿಸುವುದರಿಂದ ಒಬ್ಬ ರೋಗಿಯೂ ಆಸ್ಪತ್ರೆಯ ಕಡೆ ತಿರುಗಿಲ್ಲ. ಪರೀಕ್ಷಿಸಿದೆವು, ಮತ್ತೆ ಪರೀಕ್ಷಿಸಿದೆವು, ಹೆಪಟೈಟಿಸ್ ಬಿಗೆ ಫಲ ಸಿಗಲಿಲ್ಲ ಎಂಬ ಮಾತು ಹಳ್ಳಿಯವರಿಗೆ ಅರ್ಥವಾಗುತ್ತದೆ. ನೀವು ದಡ್ಡರು ಎಂಬ ಮಾತು ಸಿಟ್ಟು ತರಿಸುತ್ತದೆ, ಅಷ್ಟೇ.

ತಪ್ಪಾದ ಊಹೆಗೆ ಮರ್ಯಾದೆಯ ಮುಕ್ತಾಯ ಹೇಗಿರುತ್ತದೆ ಎಂಬುದಕ್ಕೆ ಇದೇ ಸಂಶೋಧನೆಯ ಇನ್ನೊಂದು ಕವಲು ನಿದರ್ಶನ. ಹೆಪಟೈಟಿಸ್ ಬಿ ವಾಹಕ ತಂದೆತಾಯಿಗೆ ಗಂಡುಮಕ್ಕಳು ಹೆಚ್ಚು ಹುಟ್ಟುತ್ತಾರೆ ಎಂದು ಬ್ಲಂಬರ್ಗ್ ತಂಡ 1970ರ ದಶಕದಲ್ಲಿ ಗ್ರೀಸಿನಂಥ ಕಡೆಯ ಎಣಿಕೆಗಳಿಂದ ಹೇಳಿತ್ತು. ಏಷ್ಯಾದಲ್ಲಿ ಹತ್ತು ಕೋಟಿ ಹೆಣ್ಣುಗಳು ಕಾಣೆಯಾಗಿದ್ದಾರೆ ಎಂಬ ಅಮರ್ತ್ಯ ಸೇನ್ ಅವರ ಮಾತಿಗೆ ಇದನ್ನು ಜೋಡಿಸಿ, 2005ರಲ್ಲಿ ಎಮಿಲಿ ಆಸ್ಟರ್ ಎಂಬ ಅರ್ಥಶಾಸ್ತ್ರಜ್ಞೆ ಕಾಣೆಯಾದವರಲ್ಲಿ ದೊಡ್ಡ ಪಾಲು ವೈರಸ್ಸಿನ ಲೆಕ್ಕಕ್ಕೆ ಹೋಗುತ್ತದೆ ಎಂದು ಬರೆದರು. ಹೆಣ್ಣುಭ್ರೂಣ ಹತ್ಯೆಯ ವಿರುದ್ಧ ಹೋರಾಡುತ್ತಿದ್ದ ನಮ್ಮಂಥ ದೇಶಕ್ಕೆ ಇದು ಅಪಾಯದ ವಾದ. ಸಮಾಜದ ಹೊಣೆಯನ್ನು ರೋಗಾಣುವಿನ ಹೆಗಲಿಗೆ ಹಾಕುವಂಥದ್ದು. ಟೀಕೆಗಳು ಬಂದವು, ತೈವಾನಿನ ದೊಡ್ಡ ದಾಖಲೆ ಎದುರಾಯಿತು. ಆಗ ಆಸ್ಟರ್ ಚೀನಾದಿಂದ ಹೊಸ ಮಾಹಿತಿ ಸಂಗ್ರಹಿಸಿ, 2008ರಲ್ಲಿ ತಮ್ಮ ಹಿಂದಿನ ತೀರ್ಮಾನ ನಿಲ್ಲುವುದಿಲ್ಲವೆಂದು ತಾವೇ ಪ್ರಕಟಿಸಿದರು. ಇಂದು ಆ ವಾದವನ್ನು ಯಾರೂ ಎತ್ತುವುದಿಲ್ಲ. ನೆಲನೆಲ್ಲಿಯ 59ಕ್ಕೆ ಇಂಥ ಬಹಿರಂಗ ಮುಕ್ತಾಯ ಸಿಗಲಿಲ್ಲ. ಅದಕ್ಕೇ ಅದು ಇನ್ನೂ ಜೀವಂತವಾಗಿ ಓಡಾಡುತ್ತಿದೆ.

ಇದು ಪಂಡಿತರ ಜಗಳವಾಗಿ ಉಳಿಯದಿರುವುದು ಸಂಖ್ಯೆಗಳಿಂದಾಗಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 3 ಕೋಟಿ ಜನ ಹೆಪಟೈಟಿಸ್ ಬಿ ಹೊತ್ತಿದ್ದರು. ಹುಟ್ಟುವಾಗಲೇ ತಾಯಿಯಿಂದ ಸೋಂಕಾದ ಹತ್ತು ಶಿಶುಗಳಲ್ಲಿ ಒಂಬತ್ತು ಜೀವನಪೂರ್ತಿ ವಾಹಕರಾಗುತ್ತವೆ. ಹುಟ್ಟಿದ 24 ಗಂಟೆಯೊಳಗೆ ಕೊಡುವ ಒಂದು ಡೋಸ್, ಆಮೇಲೆ 6, 10, 14 ವಾರಗಳಲ್ಲಿ ಕೊಡುವ ಡೋಸ್‌ಗಳು ಅದನ್ನು ತಡೆಯುತ್ತವೆ. ಈ ಲಸಿಕೆಯನ್ನು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಡಿ 2007-08ರಲ್ಲಿ ವಿಸ್ತರಿಸಿದ ಹತ್ತು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2011ರಲ್ಲಿ ಅದು ದೇಶವ್ಯಾಪಿಯಾಯಿತು. ಅಂದರೆ ಅದಕ್ಕೆ ಮೊದಲು ಹುಟ್ಟಿದ ನಮ್ಮ ತಾಲ್ಲೂಕುಗಳ ಬಹುಪಾಲು ವಯಸ್ಕರಿಗೆ ಆ ರಕ್ಷಣೆ ಸಿಕ್ಕಿಲ್ಲ. ಅವರಲ್ಲಿ ವಾಹಕರಾದವರಿಗಾಗಿ 2018ರ ಜುಲೈ 28ರಂದು, ಬ್ಲಂಬರ್ಗ್ ಹುಟ್ಟಿದ ದಿನವೇ ಆದ ವಿಶ್ವ ಹೆಪಟೈಟಿಸ್ ದಿನದಂದು, ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಅದರಡಿ ಪರೀಕ್ಷೆಯೂ ಔಷಧಿಯೂ ಉಚಿತ. ಗಿಡದಿಂದ ವೈರಸ್ ಹೋಯಿತೆಂದು ನಂಬಿ ಟೆನೊಫೊವಿರ್ ಬಿಟ್ಟವರಲ್ಲಿ ರೋಗ ಏಕಾಏಕಿ ಉಲ್ಬಣಿಸಬಹುದು. ಇಲ್ಲಿ ತಪ್ಪು ನಂಬಿಕೆ ನಿರುಪದ್ರವಿಯಲ್ಲ.

ಆದ್ದರಿಂದ ನನ್ನ ತೀರ್ಪು ಹೀಗೆ. ಸಂಶೋಧಕರಾಗಿ ಬ್ಲಂಬರ್ಗ್ ದೊಡ್ಡವರು. 1963ರಿಂದ 1969ರವರೆಗಿನ ಅವರ ಕೆಲಸ ಇಪ್ಪತ್ತನೆಯ ಶತಮಾನದ ವೈದ್ಯಕೀಯದ ಅತ್ಯುತ್ತಮ ಅಧ್ಯಾಯಗಳಲ್ಲಿ ಒಂದು. ನೆಲನೆಲ್ಲಿಯ ಅಧ್ಯಾಯ ಒಳ್ಳೆಯ ಪ್ರಶ್ನೆಯಿಂದ ಆರಂಭವಾಗಿ, ಅವರದೇ ಅಳತೆಗೋಲಿನಲ್ಲಿ ಅಪೂರ್ಣವಾಗಿ ಉಳಿಯಿತು. ಒಬ್ಬ ವಿಜ್ಞಾನಿಯ ಬಹುಮಾನ ಅವರ ಪ್ರತಿ ಹೇಳಿಕೆಗೂ ಜಾಮೀನು ಅಲ್ಲ. ಬಹುಮಾನ ಬಂದದ್ದು 1976ರಲ್ಲಿ, ಗಿಡದ ವರದಿ ಬಂದದ್ದು 1988ರಲ್ಲಿ. ಮೊದಲನೆಯದರ ತೂಕವನ್ನು ಎರಡನೆಯದರ ತಕ್ಕಡಿಗೆ ಹಾಕುವುದು ಓದುಗರಿಗೆ ಮಾಡುವ ಮೋಸ. ಕನ್ನಡದಲ್ಲಿ ಆರೋಗ್ಯದ ಬಗ್ಗೆ ಬರೆಯುವವರಲ್ಲಿ, ಅಚ್ಚು ಹಾಕುವ ಸಂಪಾದಕರಲ್ಲಿ ನನ್ನ ಒತ್ತಾಯವಿದು: 1988ರ 59ನ್ನು ಬರೆಯುವ ಪ್ರತಿ ಲೇಖನದಲ್ಲೂ 1990, 1994, 2011ರ ವರದಿಗಳು ಅದರ ಪಕ್ಕದಲ್ಲೇ ಇರಬೇಕು, ಹೆಪಟೈಟಿಸ್ ಬಿ ಇದೆಯೇ ಎಂದು ತಿಳಿಯಲು ರಕ್ತಪರೀಕ್ಷೆಯೊಂದೇ ದಾರಿ ಎಂಬ ಮಾತೂ ಅಲ್ಲೇ ಇರಬೇಕು. ಬ್ಲಂಬರ್ಗ್ ಅವರ ಹೆಸರನ್ನು ನಮ್ಮ ಸೀಮೆಯ ಜನರಿಗೆ ಹೇಳುವುದಾದರೆ, ಹುಟ್ಟಿದ ದಿನವೇ ಮಗುವಿನ ತೊಡೆಗೆ ಬೀಳುವ ಆ ಮೊದಲ ಚುಚ್ಚುಮದ್ದಿನ ಜೊತೆ ಹೇಳೋಣ. ಅವರ ಸಂಶೋಧನೆ ಪರೀಕ್ಷೆಗೆ ನಿಂತು ಗೆದ್ದದ್ದು ಅಲ್ಲಿ.